ಯೋಧರ ಮಕ್ಕಳ ಓದು ನಿಲ್ಲದಿರಲಿ



1965ರ ಯುದ್ಧದಲ್ಲಿ ಹುತಾತ್ಮರಾದ ಪರಮವೀರ ಚಕ್ರ ಪುರಸ್ಕೃತ ಅಬ್ದುಲ್ ಹಮೀದ್ ಹವಾಲ್ದಾರ್ ದರ್ಜೆಯವರು. ಆ ದರ್ಜೆಯವರೆಗಿನ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ, ಒಂದನೇ ತರಗತಿಯಿಂದ ಪದವಿಯವರೆಗೆ, ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಧನಸಹಾಯವಿದೆ. ತಂದೆ ತೀರಿಕೊಂಡಿದ್ದರೆ ತಾಯಿ ಅರ್ಜಿ ಹಾಕಬಹುದು. ತಿಂಗಳಿಗೆ ತಲಾ 1,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 2,000 ಆಗಿದೆ. ಯುದ್ಧದಲ್ಲಿ ಮಡಿದ ಅಥವಾ ಶಾಶ್ವತವಾಗಿ ಅಂಗವಿಕಲರಾದ ಯೋಧರ ಮಕ್ಕಳಿಗೆ ಬೋಧನಾ ಶುಲ್ಕದ ರಿಯಾಯಿತಿ ಬೇರೆಯೇ ಇದೆ.

ಇದನ್ನು ಕೇಳಲು ಯಾವ ತಾಯಿಯೂ ಸಂಕೋಚಪಡಬೇಕಿಲ್ಲ. ತಂದೆಯ ಸೇವೆಗೆ ದೇಶ ತೀರಿಸುವ ಋಣವಿದು. ಆದರೆ ಕಾಗದಪತ್ರಕ್ಕೆ ಅಂಜಿ ಆಕೆ ಸುಮ್ಮನಿದ್ದರೆ ಮಗಳ ಓದು ನಿಲ್ಲುತ್ತದೆ. ವಿದ್ಯಾರ್ಥಿಗಳೇ, ನಿಮ್ಮ ಮೊಹಲ್ಲಾದಲ್ಲಿ ಅಂಥ ಮನೆಯಿದ್ದರೆ ಹೋಗಿ ಅರ್ಜಿ ತುಂಬಿಕೊಡಿ. ಯತೀಮ ಮಗುವಿನ ತಲೆ ಸವರಿದರೆ ಸಾಲದು, ಅದರ ಕೈಗೆ ಪುಸ್ತಕವೂ ಬರಬೇಕು.