ನೀರಿನಡಿ ಗುಂಡಿ, ರೋಬಾಟ್‌ ಕಣ್ಣಿಗೆ ರೇಡಾರ್

ನಾನಿರೋದು ಉತ್ತರಹಳ್ಳಿಯಲ್ಲಿ. ರಾತ್ರಿ ಜೋರು ಮಳೆ ಬಂದು ಬೆಳಿಗ್ಗೆ ಸ್ಕೂಟರ್ ತೆಗೆದ್ರೆ ರಸ್ತೆ ತುಂಬಾ ನೀರು. ಅದರಡಿ ಇರೋದು ಟಾರೋ ಗುಂಡಿಯೋ ಗೊತ್ತಾಗಲ್ಲ. ನಾವಾದ್ರೆ ಮುಂದಿನ ಆಟೋ ಎಲ್ಲಿ ಕುಲುಕ್ತು ಅಂತ ನೋಡಿ ಪಕ್ಕಕ್ಕೆ ತಿರುಗಿಸ್ತೀವಿ. ಮುಂದೆ ಯಾವ ಆಟೋನೂ ಇಲ್ಲದ ಕಡೆ ರೋಬಾಟ್ ಏನು ಮಾಡಬೇಕು?

2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಹೀಗೇ ಆಯ್ತು. ಚಂದ್ರಯಾನ-3ರ ಪ್ರಗ್ಯಾನ್ ರೋವರ್, 26 ಕೆಜಿಯ ಪುಟ್ಟ ಗಾಡಿ, ಹೋಗ್ತಾ ಹೋಗ್ತಾ 4 ಮೀಟರ್ ಅಗಲದ ಕುಳಿಯೊಂದಕ್ಕೆ ಎದುರಾಯ್ತು. ಕುಳಿ ಇದ್ದದ್ದು ಬರೀ 3 ಮೀಟರ್ ಮುಂದೆ. ಬಂದ ದಾರೀಲೇ ವಾಪಸ್ ಹೋಗು ಅಂತ ಇಸ್ರೊ ಕಮಾಂಡ್ ಕಳಿಸ್ತು. ಕುಳಿಯಾದ್ರೆ ಕ್ಯಾಮೆರಾಗೆ ಕಾಣುತ್ತೆ. ನೆಲ ಗಟ್ಟಿಯೋ ಮೆದುವೋ ಅನ್ನೋದು ಕಾಣೋದು ಕಷ್ಟ. ನಾಸಾದ ಸ್ಪಿರಿಟ್ ರೋವರ್ 2009ರಲ್ಲಿ ಮಂಗಳನ ಮೆದು ಮಣ್ಣಲ್ಲಿ ಹೂತುಕೊಂಡಿದ್ದು, ಮತ್ತೆ ಮೇಲೆ ಬರಲೇ ಇಲ್ಲ.

ಇಲ್ಲಿ ನೆರವಿಗೆ ಬರಬಹುದಾದದ್ದು ರೇಡಾರ್‌ನ ಪೋಲರೈಸೇಶನ್. ಹಗ್ಗದ ಒಂದು ತುದಿ ಗೇಟಿಗೆ ಕಟ್ಟಿ ಇನ್ನೊಂದು ತುದಿ ಅಲ್ಲಾಡಿಸಿ. ಮೇಲೆ-ಕೆಳಗೆ ಆಡಿಸಬಹುದು, ಅಡ್ಡಡ್ಡ ಆಡಿಸಬಹುದು. ರೇಡಿಯೋ ಅಲೆಯೂ ಹಾಗೇ. ಲಂಬವಾಗಿ ಕಳಿಸಿದ್ದು ನಯವಾದ ನೆಲಕ್ಕೆ ತಾಗಿದ್ರೆ ಹೆಚ್ಚುಕಡಿಮೆ ಲಂಬವಾಗೇ ಬರುತ್ತೆ. ಪೊದೆಯೊಳಗೆ ಹೊಕ್ಕು ಎಲೆ, ಕಡ್ಡಿಗೆಲ್ಲ ಬಡಿದು ಬಂದ್ರೆ ಒಂದಷ್ಟು ಅಡ್ಡ ತಿರುಗಿರುತ್ತೆ. ಆ ತಿರುವೇ ನೆಲದ ಗುರುತು.

ಚಂದ್ರಯಾನ-2ರ ಆರ್ಬಿಟರ್ 2019ರಿಂದ ಇದೇ ತಂತ್ರದ ರೇಡಾರ್ ಹೊತ್ತು ಚಂದ್ರನ ಸುತ್ತ ತಿರುಗ್ತಿದೆ. ಅದರ ಕಷ್ಟ ಕೇಳಿ: ಕಲ್ಲುಗಳ ರಾಶಿಯೂ ಮಂಜುಗಡ್ಡೆಯೂ ಅಲೆಯನ್ನ ಒಂದೇ ಥರ ವಾಪಸ್ ಕಳಿಸಬಹುದು! ಒಂದೇ ಅಂಕಿ ನಂಬಿದ್ರೆ ಮೋಸ. ಅದಕ್ಕೇ ಆ ರೇಡಾರ್ ಎರಡು ತರಂಗಾಂತರದಲ್ಲಿ, ಲಂಬ, ಅಡ್ಡ ಎರಡನ್ನೂ ಕಳಿಸಿ, ಎರಡನ್ನೂ ಕೇಳಿಸಿಕೊಳ್ಳುತ್ತೆ.

ಈಗ ನಮ್ಮ ರಸ್ತೆಗೆ ಬರೋಣ. ಕಾರುಗಳಲ್ಲಿ ಬರೋ 77 ಗಿಗಾಹರ್ಟ್ಸ್ ರೇಡಾರ್‌ನ ಅಲೆ ಸುಮಾರು 4 ಮಿಲಿಮೀಟರ್. ಟಾರಿನ ಜಲ್ಲಿಯ ಉಬ್ಬುತಗ್ಗೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಒಣ ರಸ್ತೆ ಅದಕ್ಕೆ ಒರಟು. ನೀರು ನಿಂತ್ರೆ ಆ ಒರಟುತನ ಮುಚ್ಚಿಹೋಗಿ ವಾಪಸ್ ಬರೋ ಅಲೆಯೇ ಬದಲಾಗುತ್ತೆ. ಆದ್ರೆ ಇಷ್ಟು ಸಣ್ಣ ಅಲೆ ನೀರಿನೊಳಗೆ ಇಳಿಯಲ್ಲ. ಅಂದ್ರೆ, ಇಲ್ಲಿ ನೀರಿದೆ ಅಂತ ಹೇಳುತ್ತೆ, ಗುಂಡಿ ಎಷ್ಟು ಆಳ ಅಂತ ಹೇಳಲ್ಲ. ರೋಬಾಟ್‌ಗೆ ಅಷ್ಟೇ ಸಾಕು, ನೀರು ಕಂಡ ಕಡೆಯೆಲ್ಲ ಸುತ್ತುಬಳಸಿ ಹೋಗುತ್ತೆ. ಮಳೆಗಾಲದಲ್ಲಿ ನಾವೂ ಹಾಗೇ ಮಾಡಿದ್ರೆ ಉತ್ತರಹಳ್ಳಿಯಿಂದ ಬನಶಂಕರಿಗೆ ತಲುಪೋದು ಮಾತ್ರ ಡೌಟು.