ಹೋರಿ ನಮ್ಮದು, ಹಗ್ಗ ಯಾರ ಕೈಯಲ್ಲಿ?

(ಕಡೂರು, ತರೀಕೆರೆ, ಅಜ್ಜಂಪುರ ಭಾಗದ ವಿಡಿಯೋ ಗೇಮ್ ಪ್ರಿಯರನ್ನು ಕುರಿತು ಆಡಿದ ಮಾತುಗಳ ಬರಹರೂಪ)



ಕನ್ನಡದ ವೇದಿಕೆಯಲ್ಲಿ ವಿಡಿಯೋ ಗೇಮಿನ ಮಾತೇಕೆ ಎಂದು ಹಿರಿಯರು ಕೆಲವರು ಹುಬ್ಬೇರಿಸಬಹುದು. ಏರಿಸಲಿ. ಮನೆಯ ಮಕ್ಕಳು ದಿನಕ್ಕೆ ಎರಡು ಗಂಟೆ ಯಾವ ಭಾಷೆಯಲ್ಲಿ ಬದುಕುತ್ತಿದ್ದಾರೆ, ಅಪ್ಪ ಕೊಟ್ಟ ದುಡ್ಡು ಯಾವ ಕರಾರಿನ ಮೇಲೆ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವುದು ಕನ್ನಡದ ಕೆಲಸವಲ್ಲವೇ?

ಮೊದಲೇ ಒಂದು ಮಾತು. ನಾನು ಹೇಳುತ್ತಿರುವುದು ಹಣ ಕಟ್ಟಿ ಆಡುವ ಮೊಬೈಲ್ ಜೂಜಿನ ವಿಚಾರವಲ್ಲ. ಎಷ್ಟೋ ಮನೆ ಹಾಳು ಮಾಡಿದ ಆ ಪಿಡುಗನ್ನು ನಿಷೇಧಿಸಲು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅದು ಬೇರೆ, ಇದು ಬೇರೆ. ಇದು ಪುಸ್ತಕದಂತೆ, ಸಿನಿಮಾದಂತೆ ದುಡ್ಡು ಕೊಟ್ಟು ಕೊಂಡು ಆಡುವ ಆಟ.

ಬೀರೂರು ಜಂಕ್ಷನ್‌ನಲ್ಲಿ ಹಳಿ ಕವಲೊಡೆದು ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುತ್ತದೆ. ನಮ್ಮ ಹುಡುಗರ ವಾದವೂ ಹಾಗೆಯೇ. ಒಬ್ಬ "ಡಿಸ್ಕ್ ಕೊಳ್ಳಬೇಕು" ಎನ್ನುತ್ತಾನೆ. ಇನ್ನೊಬ್ಬ "ಡೌನ್‌ಲೋಡೇ ಅಗ್ಗ" ಎನ್ನುತ್ತಾನೆ. ಮತ್ತೊಬ್ಬ "ಹೊಡೆದಾಟದ ಆಟ ಬಿಟ್ಟು ಕಥೆ ಇರುವ ಅಡ್ವೆಂಚರ್ ಆಟ ಆಡಿ" ಎನ್ನುತ್ತಾನೆ. ಕೇಳುವುದಕ್ಕೆ ಮೂರು ಜಗಳ. ಆದರೆ ಮೂರೂ ಹೊರಡುವ ಜಂಕ್ಷನ್ ಒಂದೇ: ದುಡ್ಡು ಕೊಟ್ಟ ಮೇಲೆ ಆ ಆಟ ನಮ್ಮದೋ, ಅಲ್ಲವೋ?

ಕ್ರಯವೋ, ಗುತ್ತಿಗೆಯೋ?

ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನ ತೋಟವನ್ನು ಕ್ರಯಕ್ಕೆ ಕೊಂಡರೆ ಪಹಣಿಯಲ್ಲಿ ನಿಮ್ಮ ಹೆಸರು. ಗುತ್ತಿಗೆಗೆ ಹಿಡಿದರೆ ವಾಯಿದೆ ಮುಗಿಯುವವರೆಗೆ ಕಾಯಿ ನಿಮ್ಮದು, ಮರ ಅವನದು. ಎರಡೂ ನ್ಯಾಯವೇ. ಆದರೆ ಕ್ರಯದ ಬೆಲೆ ತೆಗೆದುಕೊಂಡು ಗುತ್ತಿಗೆ ಪತ್ರ ಕೈಗಿಟ್ಟರೆ? ಅಜ್ಜಂಪುರದ ಅಮೃತ್ ಮಹಲ್ ಹೋರಿಗಳ ನಾಡಿನವರು ನಾವು. ಹೋರಿ ಕೊಂಡರೆ ಹಗ್ಗವೂ ನಮ್ಮ ಕೈಗೆ ಬರಬೇಕು. ಹಗ್ಗ ಮಾರಿದವನ ಕೈಯಲ್ಲೇ ಉಳಿದರೆ ಅದು ಮಾರಾಟವೇ?

ಡಿಜಿಟಲ್ ಅಂಗಡಿಯಲ್ಲಿ ಆಗುತ್ತಿರುವುದು ಅದೇ. ಗುಂಡಿಯ ಮೇಲೆ "ಕೊಳ್ಳಿ" ಎಂದು ಬರೆದಿರುತ್ತದೆ. ಪುಟಗಟ್ಟಲೆ ಇಂಗ್ಲಿಷ್ ಕರಾರಿನಲ್ಲಿ ಮಾತ್ರ "ನಿಮಗೆ ಕೊಡುತ್ತಿರುವುದು ಬಳಸುವ ಪರವಾನಗಿ, ಒಡೆತನವಲ್ಲ" ಎಂದಿರುತ್ತದೆ. ಆ ಪರವಾನಗಿಯನ್ನು ಮಾರುವಂತಿಲ್ಲ, ಖಾತೆಯನ್ನು ತಮ್ಮನ ಹೆಸರಿಗೆ ವರ್ಗಾಯಿಸುವಂತಿಲ್ಲ. ಅಂಗಡಿಯೇ ಮುಚ್ಚಿದರೆ ಏನು ಗತಿ ಎಂಬ ಮಾತಿಗೆ ಖಚಿತ ಉತ್ತರವಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. ನಿಂಟೆಂಡೊ ಕಂಪನಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360 ಅಂಗಡಿಯನ್ನು 2024ರ ಜುಲೈ 29ರಂದು ಮುಚ್ಚಿತು. ಈ ಎರಡು ಕಡೆ ಹಿಂದೆ ಕೊಂಡವರಿಗೆ ಮತ್ತೆ ಇಳಿಸಿಕೊಳ್ಳಲು ಅವಕಾಶ ಉಳಿಸಿದರು, ಒಪ್ಪೋಣ. ಆದರೆ ಫ್ರಾನ್ಸಿನ ಯೂಬಿಸಾಫ್ಟ್ ಮಾಡಿದ್ದು ನೋಡಿ. ಅದು 2014ರಲ್ಲಿ ಮಾರಿದ "ದಿ ಕ್ರೂ" ಎಂಬ ಕಾರಿನ ಆಟಕ್ಕೆ ಸದಾ ಸರ್ವರ್ ಸಂಪರ್ಕ ಬೇಕಿತ್ತು, ಒಬ್ಬನೇ ಕೂತು ಆಡಿದರೂ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಆಟ ಸತ್ತಿತು. ಡಿಸ್ಕ್ ಕೊಂಡವನ ಕೈಯಲ್ಲೂ ಉಳಿದದ್ದು ಹೊಳೆಯುವ ಬಿಲ್ಲೆ ಮಾತ್ರ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಆದ್ದರಿಂದ ಡಿಸ್ಕ್ ಪಕ್ಷದವರೇ, ನಿಮ್ಮ ಕೋಟೆಯೂ ಅಷ್ಟು ಭದ್ರವಲ್ಲ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇಲ್ಲ, ಇಳಿಸಿಕೊಳ್ಳಲು ಕೀಲಿ ಮಾತ್ರ ಇದೆ. ಡಬ್ಬಿ ಉಂಟು, ಒಳಗೆ ಬೆಲ್ಲವಿಲ್ಲ. ಡಿಸ್ಕೋ ಡೌನ್‌ಲೋಡೋ ಎಂದು ಕೇಳಿ ನಿಲ್ಲಿಸಬೇಡಿ. "ಕಂಪನಿಯ ಅಪ್ಪಣೆ ಇಲ್ಲದೆ, ಇಂಟರ್ನೆಟ್ ಇಲ್ಲದೆ ಇದು ಓಡುತ್ತದೆಯೇ?" ಎಂದು ಕೇಳಿ.

ಜಾಗದ ಲೆಕ್ಕ

ಈಗ ಡೌನ್‌ಲೋಡ್ ಪಕ್ಷದವರ ಕಡೆ ಬರೋಣ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿ 2ರಂದು ಬಂದಾಗ ಡಿಸ್ಕ್ ಹಾಕುವ ಯಂತ್ರದ ಬೆಲೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದು 39,990. ಹತ್ತು ಸಾವಿರ ಉಳಿಯಿತು ಎಂದು ಖುಷಿಪಟ್ಟವರು ಬಹಳ. ಆದರೆ ಡಿಸ್ಕ್ ಕೊಂಡವನು ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಅರ್ಧ ಬೆಲೆಗೆ ಮಾರಬಹುದು. ಮೂರು ಊರಿನ ಮೂವರು ಒಂದೊಂದು ಡಿಸ್ಕ್ ಕೊಂಡು ಬದಲಾಯಿಸಿಕೊಂಡರೆ ಮೂವರಿಗೂ ಮೂರು ಆಟ. ಡಿಸ್ಕ್ ತೂರಿಸುವ ಕಿಂಡಿಯೇ ಇಲ್ಲದ ಯಂತ್ರದಲ್ಲಿ ಆ ದಾರಿ ಮುಚ್ಚಿತು. ಕಂಪನಿ ಹೇಳಿದ ಅಂಗಡಿ, ಕಂಪನಿ ಹೇಳಿದ ಬೆಲೆ.

ಆ ಯಂತ್ರದೊಳಗೆ 825 ಜಿ.ಬಿ. ಜಾಗ ಎಂದರು. ಆಟ ಇಡಲು ಸಿಕ್ಕಿದ್ದು ಸುಮಾರು 667. ಇಂದಿನ ದೊಡ್ಡ ಆಟಗಳು 100 ಜಿ.ಬಿ. ದಾಟುತ್ತವೆ. 2023ರ "ಬಾಲ್ಡರ್ಸ್ ಗೇಟ್ 3" ಕಂಪ್ಯೂಟರಿನಲ್ಲಿ 150 ಜಿ.ಬಿ. ಕೇಳುತ್ತದೆ. ದಿನಕ್ಕೆ 1.5 ಜಿ.ಬಿ. ಮೊಬೈಲ್ ಪ್ಯಾಕ್ ನಂಬಿದ ಹಳ್ಳಿಯ ಹುಡುಗ ಅಷ್ಟನ್ನು ಇಳಿಸಲು 100 ದಿನ ಬೇಕು! ಜಾಗ ಸಾಲದೆಂದು ಒಂದು ಆಟ ಅಳಿಸಿದಿರೋ, ಮತ್ತೆ ನೂರು ದಿನದ ತಪಸ್ಸು. ಬೆಂಗಳೂರಿನ ಫೈಬರ್ ಲೈನಿನವನಿಗೆ ಅದು ಒಂದು ರಾತ್ರಿಯ ಮಾತು. ಅಂಗಡಿಯ ನಿಯಮ ಮಾಡುವವರ ಕಣ್ಣಲ್ಲಿ ಆ ನಗರದವನೇ ಗಿರಾಕಿ, ನಾವು ಲೆಕ್ಕಕ್ಕಿಲ್ಲ.

ಇದಕ್ಕೆ ಉಪಾಯವಿದೆ, ಕೇಳಿ. ಸಾಧಾರಣ ಯು.ಎಸ್.ಬಿ. ಹಾರ್ಡ್ ಡಿಸ್ಕ್ 250 ಜಿ.ಬಿ.ಗಿಂತ ದೊಡ್ಡದಿದ್ದು, ಯು.ಎಸ್.ಬಿ. 3.0 ವೇಗದ್ದಾದರೆ ಪ್ಲೇಸ್ಟೇಷನ್ 5ಕ್ಕೆ ಸಿಕ್ಕಿಸಬಹುದು. ಪ್ಲೇಸ್ಟೇಷನ್ 4ರ ಆಟಗಳು ಅದರಿಂದಲೇ ಓಡುತ್ತವೆ. 5ರ ಆಟಗಳು ಅಲ್ಲಿಂದ ಓಡುವುದಿಲ್ಲ, ಆದರೆ ಅಲ್ಲಿ ಕೂಡಿಟ್ಟು ಬೇಕಾದಾಗ ಒಳಗೆ ತಂದುಕೊಳ್ಳಬಹುದು. ಕಣಜ ಹೊರಗೆ, ಬಳಕೆಯ ಡಬ್ಬ ಒಳಗೆ. ಮರು ಡೌನ್‌ಲೋಡಿನ ಕಾಟ ತಪ್ಪಿತು.

ಹಾಗೆಂದು ಡಿಜಿಟಲ್ ಎಂಬುದೇ ಶತ್ರು ಎನ್ನಬೇಡಿ. ಪೋಲೆಂಡಿನ ಜಿ.ಒ.ಜಿ. ಎಂಬ ಅಂಗಡಿ 2008ರಿಂದ ಕಂಪ್ಯೂಟರ್ ಆಟಗಳನ್ನು ಬೀಗವಿಲ್ಲದೆ ಮಾರುತ್ತಿದೆ. ಒಮ್ಮೆ ಇಳಿಸಿ ಪೆನ್ ಡ್ರೈವಿನಲ್ಲಿ ಇಟ್ಟುಕೊಂಡರೆ ನಾಳೆ ಆ ಅಂಗಡಿ ಮುಚ್ಚಿದರೂ ಆಟ ಓಡುತ್ತದೆ. ಅಂದರೆ ನ್ಯಾಯವಾಗಿ ಮಾರುವುದು ಸಾಧ್ಯ. ಮನಸ್ಸಿಲ್ಲದವರಿಗೆ ಮಾತ್ರ ಅಸಾಧ್ಯ.

ಕಥೆ ಹೇಳುವ ಆಟ, ಕನ್ನಡವಿಲ್ಲದ ಆಟ

ಮೂರನೆಯ ವಾದ ಅಡ್ವೆಂಚರ್ ಆಟದ್ದು. ಕನ್ನಡದ ಕುತ್ತಿಗೆಗೆ ಬಂದಿರುವುದು ಇಲ್ಲಿಯೇ.

ಗುಂಡು ಹಾರಿಸುವ ಆಟಕ್ಕೆ ಭಾಷೆ ಬೇಡ. ಕಾರು ಓಡಿಸಲು ಭಾಷೆ ಬೇಡ. ಆದರೆ ಅಡ್ವೆಂಚರ್ ಆಟವೆಂದರೆ ಮಾತು. ಪಾತ್ರಗಳನ್ನು ಮಾತನಾಡಿಸಬೇಕು, ಚೀಟಿ ಓದಬೇಕು, ಒಗಟು ಬಿಡಿಸಬೇಕು. ಇಂಗ್ಲಿಷ್ ಬಾರದವನು ಮೊದಲ ವಾಕ್ಯಕ್ಕೇ ನಿಂತುಬಿಡುತ್ತಾನೆ. ನಮ್ಮ ಹುಡುಗರು ಹೊಡೆದಾಟದ ಆಟಕ್ಕೆ ಅಂಟಿಕೊಂಡಿದ್ದಾರೆ ಎಂದು ಬೈಯುವವರೇ, ಅವರು ಓದಬಲ್ಲ ಭಾಷೆಯಲ್ಲಿ ಕಥೆಯ ಆಟ ಎಷ್ಟಿವೆ, ಹೇಳಿ ನೋಡೋಣ! ಪ್ಲೇಸ್ಟೇಷನ್ 5ರ ಮೆನುವಿನಲ್ಲೇ ಕನ್ನಡವಿಲ್ಲ. ಕೋಟಿಗಟ್ಟಲೆ ಜನರ ಭಾಷೆಗೆ ಬಾಗಿಲಲ್ಲೇ ತಡೆ.

ಈ ಜಾತಿಯ ಆಟ ಹುಟ್ಟಿದ ಬಗೆ ತಿಳಿಯಿರಿ. ಅಮೆರಿಕದ ವಿಲ್ ಕ್ರೌದರ್ ಕಂಪ್ಯೂಟರ್ ಪ್ರೋಗ್ರಾಮರ್, ಜೊತೆಗೆ ಗುಹೆಗಳನ್ನು ಹೊಕ್ಕು ಅಳೆಯುವ ಹವ್ಯಾಸಿ. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನು ಕಂಡ ದಾರಿಗಳನ್ನೇ ಅಕ್ಷರದಲ್ಲಿ ಬರೆದು 1970ರ ದಶಕದ ನಡುವಿನಲ್ಲಿ ಒಂದು ಆಟ ಮಾಡಿದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. "ಅಡ್ವೆಂಚರ್" ಎಂಬ ಜಾತಿಗೆ ಹೆಸರು ಬಂದದ್ದೇ ಅದರಿಂದ. ನಿಮ್ಮ ಮೊಬೈಲಿನ ಒಂದು ಫೋಟೋಗಿಂತ ಕಡಿಮೆ ಜಾಗದಲ್ಲಿ ಹಿಡಿಯುವ ಆಟ ಅದು!

ಒಬ್ಬ ಮನುಷ್ಯ ತಾನು ಕಂಡ ಗುಹೆಯನ್ನು ಲೋಕದ ಆಟ ಮಾಡಿದ. ನಮ್ಮ ಸೀಮೆಯಲ್ಲಿ ಏನಿಲ್ಲ? ಕೆಮ್ಮಣ್ಣುಗುಂಡಿಯ ಕಾಡಿಲ್ಲವೇ? ಕಲ್ಲತ್ತಿಗಿರಿಯ ಜಲಪಾತವಿಲ್ಲವೇ? ತರೀಕೆರೆ ಪಾಳೆಯಗಾರರ ಕಥೆಗಳಿಲ್ಲವೇ? ಅಮೃತಾಪುರಕ್ಕೆ ಹೋಗಿ ನೋಡಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ಗುಡಿ. ಮಂಟಪದ ಸುತ್ತಿನ ಗೋಡೆಯಲ್ಲಿ 140 ಶಿಲ್ಪಫಲಕಗಳು. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ, ಅದೂ ಅಪ್ರದಕ್ಷಿಣೆಯಾಗಿ ಸಾಗುವ ಕಥೆ. ಉತ್ತರದ ಕಡೆ ಕೃಷ್ಣನ ಕಥೆ, ಮಹಾಭಾರತ, ಪ್ರದಕ್ಷಿಣೆಯಾಗಿ. ನಡೆದವನಿಗೆ ಮಾತ್ರ ಕಥೆ ಬಿಚ್ಚಿಕೊಳ್ಳುತ್ತದೆ. ಯಾವ ಕಡೆ ತಿರುಗಬೇಕೆಂದು ತಿಳಿಯದವನಿಗೆ ಕಥೆ ಹಿಂದುಮುಂದು! ಎಂಟು ನೂರು ವರ್ಷದ ಹಿಂದಿನ ಅಡ್ವೆಂಚರ್ ಆಟ ಅದಲ್ಲದೆ ಮತ್ತೇನು?

ಅಲ್ಲಿಯ ಶಾಸನ ಬರೆದವನು ಕವಿ ಜನ್ನ. ನಮ್ಮ ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುವುದನ್ನು ಕೇಳಿದ್ದೀರಿ. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಉಳಿಗಾಲವಿಲ್ಲ, ತಾನೇ ಕೊಟ್ಟದ್ದಾದರೂ ಸರಿ. ಅಂದಿನ ದೊರೆಗಳೇ ತಲೆಬಾಗಿದ ಆ ನ್ಯಾಯ ಇಂದಿನ ಕಂಪನಿಗೆ ಬೇಡವೇ?

ಏನು ಮಾಡಬೇಕು?

ಲೋಕ ಸುಮ್ಮನೆ ಕೂತಿಲ್ಲ. ಪರವಾನಗಿ ಮಾತ್ರ ಕೊಡುತ್ತಾ "ಕೊಳ್ಳಿ" ಎಂದು ಬರೆಯುವ ಅಂಗಡಿ ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕೆಂದು ಕ್ಯಾಲಿಫೋರ್ನಿಯಾ ಕಾಯ್ದೆ ಮಾಡಿತು. ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ. "ದಿ ಕ್ರೂ" ಸತ್ತ ಮೇಲೆ ಯೂರೋಪಿನಲ್ಲಿ ಆಟಗಳನ್ನು ಕೊಲ್ಲಬೇಡಿ ಎಂಬ ಚಳವಳಿ ಎದ್ದು 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸಹಿ ಹಾಕಿದವರು ನಿಮ್ಮಂಥ ಆಟಗಾರರೇ.

ನಮ್ಮಲ್ಲೂ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅಂಗಡಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಡೂರಿನವನು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಿ. ಅದಕ್ಕೆ ಬಿಲ್ಲು ಬೇಕು. ಕೊಂಡ ದಿನವೇ ಇಮೇಲ್ ರಸೀದಿಯನ್ನು, "ಕೊಳ್ಳಿ" ಎಂದಿರುವ ಪುಟದ ಚಿತ್ರವನ್ನು ತೆಗೆದಿಟ್ಟುಕೊಳ್ಳಿ.

ಸರ್ಕಾರಕ್ಕೂ ಒಂದು ಮಾತು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಕರ್ನಾಟಕ 2024-29ರ ಅವಧಿಗೆ ನೀತಿ ಹೊರಡಿಸಿದೆ. ಬಹಳ ಸಂತೋಷ. ಕನ್ನಡಿಗರ ತೆರಿಗೆಯಿಂದ ನೆರವು ಪಡೆಯುವ ಆಟದಲ್ಲಿ ಕನ್ನಡದ ಅಕ್ಷರ ಇರಲೇಬೇಕೆಂಬ ಷರತ್ತು ಹಾಕಿ. ಒತ್ತಕ್ಷರ ಮೂಡುವುದಿಲ್ಲ ಎಂಬ ಹಳೆಯ ನೆಪ ಈಗ ನಡೆಯುವುದಿಲ್ಲ. ಆಟ ಕಟ್ಟುವ ಉಚಿತ ತಂತ್ರಾಂಶ ಗೊಡೋ, 2023ರ ತನ್ನ 4ನೇ ಆವೃತ್ತಿಯಿಂದ ಕನ್ನಡದಂಥ ಲಿಪಿಗಳ ಒತ್ತು, ಗುಣಿತಗಳನ್ನು ಸರಿಯಾಗಿ ಮೂಡಿಸಬಲ್ಲದು.

ಕೊನೆಗೆ ನಿಮಗೆ, ತಮ್ಮಂದಿರೇ, ತಂಗಿಯರೇ. ಟ್ವೈನ್ ಎಂಬ ಉಚಿತ ತಂತ್ರಾಂಶವಿದೆ. ಪ್ರೋಗ್ರಾಮಿಂಗ್ ಬಾರದವರೂ ಕವಲೊಡೆಯುವ ಕಥೆಯ ಆಟ ಬರೆಯಬಹುದು. ಮುಗಿದಾಗ ಕೈಗೆ ಸಿಗುವುದು ಒಂದು ಚಿಕ್ಕ ಕಡತ. ಯಾವ ಮೊಬೈಲಿನ ಬ್ರೌಸರಿನಲ್ಲೂ ತೆರೆಯುತ್ತದೆ, ಕನ್ನಡ ಸರಾಗವಾಗಿ ಮೂಡುತ್ತದೆ. 1.5 ಜಿ.ಬಿ. ಪ್ಯಾಕಿನವನಿಗೂ ಕ್ಷಣದಲ್ಲಿ ತಲುಪುತ್ತದೆ. ಸರ್ವರ್ ಬೇಡ, ಅಪ್ಪಣೆ ಬೇಡ. ಡಿಸ್ಕ್ ಅಚ್ಚು ಹಾಕಿಸುವ ಬಂಡವಾಳವೂ ಬೇಡ. ಡಿಜಿಟಲ್ ದಾರಿ ನಮ್ಮ ಕೈಗೆ ಕೊಟ್ಟ ವರ ಅದು.

ಒಬ್ಬರು ಅಮೃತಾಪುರದ ಕಥೆ ಬರೆಯಿರಿ. ಒಬ್ಬರು ಕೆಮ್ಮಣ್ಣುಗುಂಡಿಯ ಕಾಡಿಗೆ ದಾರಿ ತಪ್ಪಿಸಿ. ಇನ್ನೊಬ್ಬರು ಬೀರೂರು ಜಂಕ್ಷನ್‌ನಲ್ಲಿ ಯಾವ ರೈಲು ಹತ್ತಬೇಕೆಂಬ ಒಗಟು ಕಟ್ಟಿ. ಬರೆದು ಕಡೂರಿನಿಂದ ಅಜ್ಜಂಪುರಕ್ಕೆ, ಅಜ್ಜಂಪುರದಿಂದ ತರೀಕೆರೆಗೆ ಕಳಿಸಿ. ಆಡಿದವರು ತಪ್ಪು ತೋರಿಸಲಿ, ತಿದ್ದಿ ಮತ್ತೆ ಕಳಿಸಿ. ಆ ಹೋರಿಯೂ ನಿಮ್ಮದು, ಹಗ್ಗವೂ ನಿಮ್ಮದು.