ಕಬ್ಬಿಣಕ್ಕೆ ಹೊಡೆದ ಗುಂಡು



ಗುರಿ ಹೊಡೆಯುವ ಮಾತು ಬಂದರೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಕೊಡಗು. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಅಲ್ಲಿಯ ಸಂಪ್ರದಾಯ. ಕಾಯಿ ಒಡೆಯುತ್ತದೆ, ಗುಂಡು ಹೊಡೆದವನತ್ತ ತಿರುಗಿ ಬರುವ ಭಯ ಕಡಮೆ. ಉಕ್ಕಿನ ಸ್ವಭಾವ ಹಾಗಲ್ಲ.

ಕೋವಿಗೂ ಡೊಂಬಿವಿಲಿಯ ಕಾರಕೂನನಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಮಧ್ಯ ರೈಲ್ವೆಯಲ್ಲಿ ಟಿಕೆಟ್ ತನಿಖೆಯ ನೌಕರರಾಗಿದ್ದ ಸ್ವಪ್ನಿಲ್ ಕುಸಾಳೆಯವರು 2024ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸ್‌ನಲ್ಲಿ ರೈಫಲ್ ಸ್ಪರ್ಧೆಯ ಕಂಚು ಗೆದ್ದರು. ನಮ್ಮ ಚಾಳುಗಳ ಹುಡುಗರಿಗೂ ಏರ್‌ಗನ್ನಿನ ಆಸೆ ಹುಟ್ಟಿದೆ. ಆಸೆ ಒಳ್ಳೆಯದೇ. ಆದರೆ ಗಚ್ಚಿಯ ಮೇಲೆ ತಗಡಿನ ಡಬ್ಬಿ, ಹಳೆಯ ಕಬ್ಬಿಣದ ತುಂಡು ನಿಲ್ಲಿಸಿ ಹೊಡೆಯುವುದನ್ನು ಕಂಡಾಗ ನಮಗೆ ಒಂದು ಜಾತ್ರೆಯ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಮನೆಯವರು ನವರಾತ್ರಿಯಲ್ಲಿ ಮಕ್ಕಳೊಡನೆ ಹೋಗಿದ್ದೆವು. ಬಲೂನಿನ ಅಂಗಡಿಯಲ್ಲಿ ಬಲೂನುಗಳ ಜೊತೆಗೆ ಕಬ್ಬಿಣದ ಬಿಲ್ಲೆಗಳನ್ನೂ ತೂಗುಹಾಕಿದ್ದರು. ತಾಗಿದರೆ ಠಣ್ಣೆನ್ನುವ ಸದ್ದು, ಅದೇ ಮಕ್ಕಳಿಗೆ ಮೋಜು. ಅಣ್ಣ ಹೊಡೆದ, ಅವನಿಗೇನೂ ಆಗಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ತಂಗಿಯ ಹುಬ್ಬಿನಿಂದ ರಕ್ತ ಇಳಿಯಿತು. ಅರ್ಧ ಅಂಗುಲ ಕೆಳಗಾಗಿದ್ದರೆ ಕಣ್ಣು. ಮನೆ ಸೇರುವವರೆಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಸೀಸ ಮೆದು ಲೋಹ. ಗಟ್ಟಿಯಾದ ನಯ ಉಕ್ಕಿಗೆ ಬಡಿದರೆ ಚೂರಾಗಿ, ಹಲಗೆಯ ಮೈಗುಂಟ ಸುತ್ತಲೂ ಸಿಡಿಯುತ್ತದೆ. ಹಲಗೆ ಬಾಗಿದ್ದರೆ, ಕುಳಿ ಬಿದ್ದಿದ್ದರೆ, ಆ ಚೂರು ಹೊಡೆದವನ ಕಡೆಗೇ ತಿರುಗಬಹುದು. ಆ ಬಿಲ್ಲೆಗಳು ತೆಳುವಾಗಿದ್ದವು, ಮೈಯೆಲ್ಲ ತಗ್ಗು. ಇನ್ನು ಉಕ್ಕಿನ ಗುಂಡು ಒಡೆಯುವುದೇ ಇಲ್ಲ, ಇಡಿಯಾಗಿ ಮರಳುತ್ತದೆ. ಅದನ್ನು ಕಬ್ಬಿಣಕ್ಕೆ ಹೊಡೆಯಲೇಕೂಡದು.

ಬಲ್ಲವರು ಹದಗೊಟ್ಟ ಉಕ್ಕನ್ನೇ ಬಳಸುತ್ತಾರೆ, ಕುಳಿ ಬಿದ್ದುದನ್ನು ಎಸೆಯುತ್ತಾರೆ. ಚೂರು ನೆಲಕ್ಕಿಳಿಯಲೆಂದು ಹಲಗೆಯ ತಲೆಯನ್ನು ತುಸು ಮುಂದಕ್ಕೆ ಬಾಗಿಸುತ್ತಾರೆ. ಪಿಸ್ತೂಲಿಗೆ 10 ಗಜಕ್ಕಿಂತ, ದೊಡ್ಡ ರೈಫಲಿಗೆ 100 ಗಜಕ್ಕಿಂತ ಹತ್ತಿರ ನಿಲ್ಲುವುದಿಲ್ಲ. ಕಣ್ಣಿಗೆ ರಕ್ಷಣೆಯ ಚಷ್ಮಾ, ಹೊಡೆಯುವವನಿಗಷ್ಟೇ ಅಲ್ಲ, ನೋಡುವವರಿಗೂ. ಕಾರ್ಖಾನೆಯಲ್ಲಿ ಗ್ರೈಂಡರ್ ಹಿಡಿಯುವ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓದುವ ಚಷ್ಮಾ ಸಾಲದು, ಪಕ್ಕಗಳೂ ಮುಚ್ಚಿರಬೇಕು. ಮಕ್ಕಳಿಗೆ ಕಬ್ಬಿಣವೇ ಬೇಡ. ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಬಿಗಿಯಾಗಿ ತುಂಬಿ ಮುಂದೆ ಕಾಗದ ಅಂಟಿಸಲಿ, ಹಿಂದೆ ಗಟ್ಟಿ ಗೋಡೆಯಿರಲಿ, ಹಿರಿಯರೊಬ್ಬರು ಜೊತೆಗಿರಲಿ. ಗಚ್ಚಿಯಂತೂ ಬೇಡವೇ ಬೇಡ. ಗುರಿ ತಪ್ಪಿದ ಗುಂಡು ಎದುರು ಮನೆಯ ಕಿಟಕಿಗೆ ಹೋದೀತು.

ಮರುದಿನ ಆ ಅಂಗಡಿಯವನನ್ನು ಕಂಡು ಹೇಳಿದೆವು. ಜಗಳವಾಡಿಯಾನು ಎಂದುಕೊಂಡಿದ್ದೆವು. ಅವನು ಮಗುವನ್ನು ವಿಚಾರಿಸಿ, ಬಿಲ್ಲೆಗಳನ್ನು ಬಿಚ್ಚಿ, ಹಿಂದೆ ಎರಡು ಪದರ ಗೋಣಿ ಇಳಿಬಿಟ್ಟ.